ಕೊನೆಯ ಪಾಲು ಅವರದು

ಹೊಸ ಪುಸ್ತಕದ ಬೆನ್ನನ್ನು ಬ್ಲೇಡಿನಿಂದ ಸೀಳುವವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ನನ್ನ ಟೀಮ್ ಲೀಡ್ ಆಗಿದ್ದರು. ಹೋದ ತಿಂಗಳು ತೀರಿಕೊಂಡರು. ಹಳೆಯ ಸಹೋದ್ಯೋಗಿಗಳ ವಾಟ್ಸಪ್ ಗುಂಪಿನಲ್ಲಿ ಅವರ ಬಗ್ಗೆ ದಿನವಿಡೀ ಒಳ್ಳೆಯ ಮಾತುಗಳು ಬಂದವು. ‘ನಮಗೆಲ್ಲ ಯುರೋಪಿನ ಸಾಹಿತ್ಯದ ರುಚಿ ಹತ್ತಿಸಿದವರು’ ಎಂದು ಒಬ್ಬ ಬರೆದ. ಅದನ್ನು ಓದುವಾಗ ನನ್ನ ಬಾಯಿಗೆ ಬಂದದ್ದು ಕರಿದು ಕರಿದು ಕಪ್ಪಾದ ಎಣ್ಣೆಯ ರುಚಿ. ಯಾಕೆಂದು ಮುಂದೆ ಹೇಳುತ್ತೇನೆ.

ಸತ್ತವರ ಬಗ್ಗೆ ಕೆಟ್ಟದ್ದನ್ನು ಬರೆಯಬಾರದು ಎನ್ನುತ್ತಾರೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಆದರೆ ಒಳ್ಳೆಯದನ್ನಷ್ಟೇ ಬರೆದರೆ ಅವರ ಕಸುಬನ್ನೇ ನಾನು ಮುಂದುವರಿಸಿದಂತಾಗುತ್ತದೆ. ಇನ್ನೊಂದು ತೊಂದರೆ, ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ಒಂದು ಘಟನೆಯನ್ನು ನಾಲ್ಕು ಸಲ ಹೇಳಿದರೆ ಐದನೆಯ ಸಲ ನೆನಪಾಗುವುದು ಘಟನೆಯಲ್ಲ, ನಾಲ್ಕನೆಯ ಸಲ ಹೇಳಿದ್ದು. ಆದ್ದರಿಂದ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಅದು ಮಾದಾಪುರದಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಜಗತ್ತಿನ ಯಾವ ಕೆಲಸವನ್ನಾದರೂ ಹೈದರಾಬಾದಿಗೆ ತಂದು ಅಗ್ಗದಲ್ಲಿ ಮಾಡಿಸಬಹುದೆಂದು ಎಲ್ಲರೂ ನಂಬಿದ್ದರು. ನಮ್ಮ ಕಂಪನಿಗೆ ಸಿಕ್ಕಿದ್ದು ಓದುವ ಕೆಲಸ. ಹೊರದೇಶದ ಒಂದು ಸಂಸ್ಥೆ ಜರ್ಮನ್ ಮತ್ತು ಫ್ರೆಂಚ್ ಕಾದಂಬರಿಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುತ್ತಿತ್ತು. ನಾವು ಓದಿ, ಕಥೆ ಹೇಗೆ ಶುರುವಾಗುತ್ತದೆ, ನಡುವೆ ಏನಾಗುತ್ತದೆ, ಕೊನೆಗೆ ಏನಾಯಿತು ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಬೇಕು. ಬೇರೆ ಬೇರೆ ದೇಶದ ಪ್ರಕಾಶಕರು ಆ ಸಾರಾಂಶ ನೋಡಿ ಅನುವಾದದ ಹಕ್ಕು ಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಅಂದರೆ ದೂರದ ಯಾರೋ ಓದುಗರ ಪರವಾಗಿ ನಾವು ಟ್ಯೂಬ್‌ಲೈಟಿನ ಕೆಳಗೆ ಕೂತು ಓದುತ್ತಿದ್ದೆವು. ನಾನಾಗ ಜರ್ಮನ್‌ನಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು, ಯಾವ ಊರಲ್ಲೂ ನಿಲ್ಲದೆ ಅಲೆಯುತ್ತಿದ್ದೆ. ಕಾದಂಬರಿ ಓದಿದರೆ ಸಂಬಳ ಕೊಡುತ್ತಾರೆ ಅಂದಾಗ ಇಂಥ ಕೆಲಸವೂ ಇದೆಯೇ ಎಂದು ಓಡಿಬಂದೆ.

ಮೊದಲ ದಿನವೇ ಬ್ಲೇಡು ಕಂಡೆ. ಅವರು ಮೇಜಿನ ಮೇಲೆ ಒಂದು ಜರ್ಮನ್ ಕಾದಂಬರಿಯನ್ನು ಬೋರಲು ಮಲಗಿಸಿ, ಕೋಳಿ ಹಸನು ಮಾಡುವವರ ನಿರಾಳತೆಯಲ್ಲಿ ಅದರ ಬೆನ್ನು ಸೀಳುತ್ತಿದ್ದರು. ಗೋಂದು ಒಡೆಯುವ ಸದ್ದು ಈಗಲೂ ಕಿವಿಯಲ್ಲಿದೆ.

“ಸರ್, ಇದೇನು ಮಾಡ್ತಿದ್ದೀರಿ?”

“ಮಾಡ್ಯೂಲ್ ಮಾಡಾಕತ್ತೀನಿ. ಇಡೀ ಪುಸ್ತಕ ಒಬ್ಬನ ಕೈಯಾಗ ಕೊಟ್ರ ಹದಿನೈದು ದಿನ ತಿಂತಾನ. ಮೂರು ಮಂದಿಗೆ ಹಂಚಿದ್ರ ಐದ ದಿನ. ಎಂ.ಎ. ಓದೀರಲ್ಲ, ಗಣಿತ ಬರಂಗಿಲ್ಲೇನು?”

“ಕಾದಂಬರೀನ ಹಾಗೆ ಓದೋಕಾಗಲ್ಲ ಸರ್.”

“ಯಾಕಾಗಂಗಿಲ್ಲ? ಹೊರಗ ನೋಡ್ರಿ, ಬಿಲ್ಡಿಂಗ್ ಹೆಂಗ ಏಳಾಕತ್ತಾವ. ಬುನಾದಿ ತೋಡಾಂವ ಬ್ಯಾರೆ, ಗ್ವಾಡಿ ಕಟ್ಟಾಂವ ಬ್ಯಾರೆ, ಸ್ಲ್ಯಾಬ್ ಹಾಕಾಂವ ಬ್ಯಾರೆ.”

“ಸ್ಲ್ಯಾಬ್ ಯಾರು ಹಾಕೋದು?”

“ನಾನು. ಡೆಲಿವರಿ ಜವಾಬ್ದಾರಿ ನಂದಲ್ಲ? ಕೊನೀ ಪಾಲು ಯಾವಾಗೂ ನಂದ. ಮೈಸೂರ್ ಮಂದಿ ಭಾಳ ಪ್ರಶ್ನಾ ಕೇಳತೀರಿ, ಪ್ರೊಫೆಸರ್ ಸಾಹೇಬ್ರ.”

ಅಂದಿನಿಂದ ನಾನು ಪ್ರೊಫೆಸರ್ ಸಾಹೇಬ್ರು. ಆ ಹೆಸರನ್ನು ಅವರು ಗೌರವಕ್ಕೂ ಗೇಲಿಗೂ ಒಂದೇ ದನಿಯಲ್ಲಿ ಬಳಸುತ್ತಿದ್ದರು.

ಬಿಜಾಪುರ ಕಡೆಯವರು. ನಲವತ್ತು ದಾಟಿದ ಗುಂಡು ಮೈ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯ ಮೇಲೆ ಮುದುಡಿರುತ್ತಿತ್ತು. ಆರು ತಿಂಗಳು ಜರ್ಮನಿಯಲ್ಲಿ ಆನ್‌ಸೈಟ್ ಇದ್ದು ಬಂದವರು ಎಂಬುದು ಅವರ ಹಿರಿಮೆ. ಅಲ್ಲಿಂದ ತಂದದ್ದು ಒಂದು ದಪ್ಪ ಕೋಟು, ಜರ್ಮನ್ ಭಾಷೆಯ ನಾಲ್ಕಾರು ಕುಶಲ ಪ್ರಶ್ನೆಗಳು, ಮತ್ತು ಯಾರೇ ಜರ್ಮನ್ ಹೆಸರು ಹೇಳಿದರೂ ಕಣ್ಣು ಅರೆಮುಚ್ಚಿ ತಲೆಯಾಡಿಸುವ ಒಂದು ಭಂಗಿ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಆ ಎಂಜಲಿನಲ್ಲೇ ಪುಟ ತಿರುವುತ್ತಿದ್ದರು. ಅವರ ಕೈ ದಾಟಿ ಬಂದ ಹಾಳೆಯ ಮೂಲೆ ಯಾವಾಗಲೂ ಸ್ವಲ್ಪ ಒದ್ದೆ. ನಾನು ಅದನ್ನು ಮುಟ್ಟದೆ ಓದುವ ವಿದ್ಯೆ ಕಲಿತಿದ್ದೆ.

ಜರ್ಮನ್ ಪುಸ್ತಕಕ್ಕೆ ನಾನು ಮತ್ತು ಸುನಂದಾ ಎಂಬ ರಾಯಚೂರಿನ ಹುಡುಗಿ. ಫ್ರೆಂಚಿಗೆ ಇಬ್ಬರು ತೆಲುಗು ಹುಡುಗರು. ಮೊದಲ ಪಾಲು ಸುನಂದಾಳದು, ನಡುವಿನದು ನನ್ನದು, ಕೊನೆಯದು ಅವರದು. ಫ್ರೆಂಚಿನಲ್ಲೂ ಕೊನೆ ಅವರದೇ. ಅವರು ಫ್ರೆಂಚ್ ಎಲ್ಲಿ ಕಲಿತರೆಂದು ಯಾರೂ ಕೇಳಲಿಲ್ಲ. ಒಂದು ವರ್ಷ ಹೀಗೆ ನಡೆಯಿತು. ಆ ವರ್ಷ ನಾನು ಓದಿದ್ದು ಬರೀ ಕಾದಂಬರಿಗಳ ನಡುಭಾಗ. ಯಾರದೋ ಮನೆಗೆ ಕಿಟಕಿಯಿಂದ ಇಳಿದು, ಅವರು ಜಗಳವಾಡುತ್ತಿರುವಾಗಲೇ ಇನ್ನೊಂದು ಕಿಟಕಿಯಿಂದ ಹೊರಬಿದ್ದಂತೆ. ಪೂರ್ತಿ ಓದೋಣವೆಂದರೆ ಪುಸ್ತಕ ಉಳಿದಿರುತ್ತಿರಲಿಲ್ಲ. ಕೆಲಸ ಮುಗಿದ ಪಾಲುಗಳನ್ನು ಅವರು ಒಟ್ಟುಮಾಡಿ ಕೆಳಗಿನ ಮಿರ್ಚಿ ಭಜಿ ಬಂಡಿಗೆ ಕೊಟ್ಟುಬಿಡುತ್ತಿದ್ದರು. ಸಂಜೆ ಕ್ಯಾಬಿಗೆ ಕಾಯುವಾಗ, ನಾನು ಮೊನ್ನೆ ಓದಿದ ಪ್ರೇಮಪತ್ರವೋ ಸಾವಿನ ಮನೆಯೋ ಎಣ್ಣೆ ಹೀರಿ ಪಾರದರ್ಶಕವಾಗಿ, ಭಜಿ ಹೊತ್ತು ನನ್ನ ಕೈಗೇ ಬರುತ್ತಿತ್ತು. ಎರಡು ಬದಿಯ ಅಕ್ಷರಗಳೂ ಒಂದರ ಮೇಲೊಂದು ಕಾಣುತ್ತಿದ್ದವು. ಅವರು ಅದರಲ್ಲೇ ಬೆರಳು ಒರೆಸಿ, ಉಂಡೆ ಮಾಡಿ, ರಸ್ತೆಗೆ ಎಸೆಯುತ್ತಿದ್ದರು.

“ಓದಿದ ಮ್ಯಾಲ ಹಾಳಿ ಯಾಕ ಬೇಕ್ರಿ? ಉಂಡ ಬಾಳಿಎಲಿ ಯಾರರೇ ಇಟ್ಕೋತಾರೇನು?”

ಇದು ಅವರ ಹತ್ತಾರು ಗಾದೆಗಳಲ್ಲಿ ಒಂದು. ಉತ್ತರ ತಕ್ಷಣ ಹೊಳೆಯದಂಥ ಅಸಹ್ಯದ ಮಾತುಗಳು ಅವರಿಗೆ ಸಲೀಸು.

ಶುಕ್ರವಾರ ಮಧ್ಯಾಹ್ನ ‘ಇಂಟಿಗ್ರೇಷನ್’. ಸುನಂದಾ ತನ್ನ ಪಾಲಿನ ಕಥೆ ಹೇಳಬೇಕು, ನಾನು ನನ್ನದು, ಆಮೇಲೆ ಅವರು. ಅವರು ಹೇಳುವ ಹೊತ್ತಿಗೆ ಫ್ರೆಂಚ್ ಓದುವ ಹುಡುಗರೂ ಕುರ್ಚಿ ಎಳೆದುಕೊಂಡು ಬರುತ್ತಿದ್ದರು. ಒಪ್ಪಿಕೊಳ್ಳಲು ಇಷ್ಟವಿಲ್ಲ, ಆದರೂ ಬರೆಯಬೇಕು: ಆ ಮನುಷ್ಯ ಅದ್ಭುತವಾಗಿ ಕಥೆ ಹೇಳುತ್ತಿದ್ದರು. ಕನ್ನಡಕ ತೆಗೆದು ಮಡಿಸಿ ಅಂಗಿಯ ಜೇಬಿಗೆ ಇಳಿಸಿ, ಒಂದು ಕಾಲನ್ನು ಕುರ್ಚಿಯ ಮೇಲೆ ಮಡಿಚಿ ಕೂರುತ್ತಿದ್ದರು. ದನಿ ತಗ್ಗಿಸುತ್ತಿದ್ದರು. ವರ್ಷಗಟ್ಟಲೆ ಮುನಿಸಿಕೊಂಡ ಅಣ್ಣತಮ್ಮಂದಿರು ಮಂಜು ಬೀಳುವಾಗ ಒಂದೇ ಕೊಡೆಯ ಕೆಳಗೆ ಸೇರುತ್ತಿದ್ದರು. ಓಡಿಹೋದ ಹೆಂಡತಿ ಬಾಗಿಲು ತಟ್ಟುತ್ತಿದ್ದಳು. ಸುನಂದಾ ಟೈಪ್ ಮಾಡುತ್ತ ಮಾಡುತ್ತ ಮೂಗು ಒರೆಸಿಕೊಂಡದ್ದನ್ನು ನೋಡಿದ್ದೇನೆ. ಮೂರೂ ಪಾಲು ಸೇರಿಸಿ ಇಂಗ್ಲಿಷಿಗೆ ತಂದು ಕಳಿಸುವ ಕೆಲಸ ಅವಳದು. ಹಾಗಾಗಿ ಪ್ರತಿ ಸಾರಾಂಶದ ಕೆಳಗೆ ಬರೆದವರ ಹೆಸರಿನ ಜಾಗದಲ್ಲಿ ಅವಳ ಹೆಸರು ಹೋಗುತ್ತಿತ್ತು.

ಆ ವರ್ಷ ಯುರೋಪಿನ ಕಾದಂಬರಿಗಳಲ್ಲಿ ಕೊನೆಗೆ ಯಾರೂ ಸಾಯಲಿಲ್ಲ. ಈಗ ಯೋಚಿಸಿದರೆ ನಗು ಬರುತ್ತದೆ. ಎರಡೆರಡು ಮಹಾಯುದ್ಧ ಕಂಡ ನೆಲ. ಆದರೆ ಶುಕ್ರವಾರ ಮಧ್ಯಾಹ್ನ ಎಲ್ಲರೂ ಮನೆಗೆ ವಾಪಸಾಗುತ್ತಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲವೇ, ಇದಕ್ಕೊಂದು ಸಿದ್ಧಾಂತವನ್ನೂ ಕಟ್ಟಿದ್ದೆ. ಯುದ್ಧದ ನಂತರದ ಬರಹಗಾರರಲ್ಲಿ ಆಶಾವಾದ ಮರಳಿದೆ ಎಂದು ಸುನಂದಾಳಿಗೆ ವಿವರಿಸಿದ್ದೆ ಕೂಡ.

ಅವಳು ನನಗಿಂತ ಚುರುಕು. ಒಂದು ಶುಕ್ರವಾರ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿದಳು: “ಸರ್ರಿ, ಈ ಮಗನ ಹೆಸರು ನನ್ನ ಪಾಲಿನಾಗ ಬ್ಯಾರೆ ಇತ್ತಲ್ರಿ?”

“ಯುದ್ಧದಾಗ ಹೆಸರು ಬದಲಿ ಮಾಡ್ಕೊಂಡಿರತಾರ ತಂಗಿ. ಜೀವ ಉಳಸ್ಕೋಬೇಕಲ್ಲ.”

ಎಲ್ಲರೂ ತಲೆಯಾಡಿಸಿದೆವು. ಎಷ್ಟು ಸಹಜವಾದ ವಿವರಣೆ!

ಸುನಂದಾಳಿಗೆ ಆ ನೌಕರಿ ಯಾಕೆ ಬೇಕಿತ್ತೆಂಬುದು ನಮಗೆಲ್ಲ ಗೊತ್ತಿತ್ತು. ಅವಳ ಅಪ್ಪ ರಾಯಚೂರಿನಲ್ಲಿ ರೈಲ್ವೆ ನೌಕರರು. ಜರ್ಮನ್ ಕಲಿಯುತ್ತೇನೆಂದಾಗ ಮನೆಯಲ್ಲಿ ದೊಡ್ಡ ರಂಪವಾಗಿ, ಕೊನೆಗೆ ಅಪ್ಪ ಒಂದು ಮಾತು ಹೇಳಿ ಕಳಿಸಿದ್ದರಂತೆ. “ಒಂದ ವರ್ಷ ನೋಡತೀನಿ. ಕಾಯಂ ಆದ್ರ ಇರು. ಇಲ್ಲಾಂದ್ರ ಗಾಡಿ ಹತ್ತಿ ಮನಿಗೆ ಬಾ, ಮುಂದ ನಾ ಹೇಳಿದಂಗ.” ಬೇಗಂಪೇಟೆಯ ಒಂದು ಲೇಡೀಸ್ ಹಾಸ್ಟೆಲಿನಲ್ಲಿದ್ದಳು. ಪ್ರೊಬೇಷನ್ ಮುಗಿಯುವ ತಿಂಗಳು ಹತ್ತಿರವಾದಂತೆಲ್ಲ ತನ್ನ ಪಾಲನ್ನು ಎರಡೆರಡು ಸಲ ಓದತೊಡಗಿದ್ದಳು.

ಆ ತಿಂಗಳೇ ಗ್ರಾಹಕ ಸಂಸ್ಥೆಯಿಂದ ಪತ್ರ ಬಂತು. ಗಡಿಯಾರ ರಿಪೇರಿ ಮಾಡುವ ಒಬ್ಬ ವಿಧವೆಯ ಕಾದಂಬರಿ. ಯುದ್ಧದಲ್ಲಿ ಕಾಣೆಯಾದ ಮಗನಿಗಾಗಿ ಕಾಯುತ್ತಾಳೆ. ನಾವು ಕಳಿಸಿದ ಸಾರಾಂಶದ ಪ್ರಕಾರ ಕೊನೆಯಲ್ಲಿ ಒಬ್ಬ ಗಿರಾಕಿ ಕೆಟ್ಟ ಗಡಿಯಾರ ಚಾಚುತ್ತಾನೆ. ಅವಳು ಮುಖ ನೋಡುವುದಿಲ್ಲ, ಕೈ ನೋಡಿ ಮಗನೆಂದು ಗುರುತಿಸುತ್ತಾಳೆ. ಶುಕ್ರವಾರ ಈ ಕೊನೆಯನ್ನು ಹೇಳುವಾಗ ನಮ್ಮ ಲೀಡ್ ತಮ್ಮದೇ ಕೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದ್ದರು. ಪತ್ರದಲ್ಲಿ ಬರೆದಿತ್ತು: ಕೊನೆಯ ಅಧ್ಯಾಯದಲ್ಲಿ ಮಗನೇ ಇಲ್ಲ. ಅವಳು ಅಂಗಡಿ ಮಾರಿ ಊರು ಬಿಡುತ್ತಾಳೆ. ಇದನ್ನು ಬರೆದವರು ಪುಸ್ತಕ ಓದಿದ್ದಾರೆಯೇ? ಹೊರದೇಶದ ಪ್ರಕಾಶಕರೊಬ್ಬರು ನಮ್ಮ ಸಾರಾಂಶ ನಂಬಿ ಮಾತುಕತೆಯನ್ನೂ ನಡೆಸಿದ್ದರಂತೆ.

ಕೆಳಗೆ ಇದ್ದದ್ದು ಸುನಂದಾಳ ಹೆಸರು.

ಎಚ್.ಆರ್. ಅಧಿಕಾರಿ ಎಲ್ಲರನ್ನೂ ಕೋಣೆಗೆ ಕರೆದ. ಅಲ್ಲಿ ನಮ್ಮ ಲೀಡ್ ಆಡಿದ ಮಾತು ನನಗೆ ಇಂದಿಗೂ ಅಸಹ್ಯ ತರಿಸುತ್ತದೆ. ಅವರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

“ಹೊಸಾ ಹುಡುಗಿ ಐತ್ರಿ ಸರ್. ಜಾಣಿ ಅದಾಳ. ಏನೋ ಗಡಬಡಿಯೊಳಗ ಹೆಚ್ಚು ಕಡಿಮಿ ಆಗಿರಬೇಕು. ಕಲೀತಾಳ್ರಿ. ನನ್ನ ಮಾರಿ ನೋಡಿ ಮಾಫ್ ಮಾಡ್ರಿ.”

ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಅವರು ಇಷ್ಟು ಪ್ರೀತಿಯಿಂದ ಕ್ಷಮೆ ಬೇಡಿದ ಮೇಲೆ ತಪ್ಪು ಅವಳದೇ ಎಂದು ಯಾರಿಗೆ ಅನುಮಾನ ಉಳಿಯುತ್ತದೆ? ಸುನಂದಾ ಅವರನ್ನೇ ನೋಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. “ಕೊನೆಯ ಪಾಲು ಅವಳು ಓದುವುದಿಲ್ಲ, ಅದು ಸರ್ ಅವರದು” ಎಂದು ನಾನು ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಟೀಮ್ ಅಂದ ಮ್ಯಾಲ ಎಲ್ಲಾ ಎಲ್ಲಾರದೂ ಪ್ರೊಫೆಸರ್ ಸಾಹೇಬ್ರ.” ಎಚ್.ಆರ್. ಅಧಿಕಾರಿ ಕಾಗದದ ಮೇಲಿನ ಹೆಸರು ನೋಡಿದ. ಸೋಮವಾರ ತೀರ್ಮಾನ ತಿಳಿಸುತ್ತೇನೆ, ಅಷ್ಟರೊಳಗೆ ಯಾರಿಗಾದರೂ ಹೇಳುವುದಿದ್ದರೆ ಬರೆದು ಕೊಡಿ ಎಂದ.

ಆ ಸಂಜೆ ಅವರನ್ನು ಹಿಡಿದು ಒಂದು ಇರಾನಿ ಹೋಟೆಲಿನಲ್ಲಿ ಕೂರಿಸಿದೆ. ಬೇಗಂಪೇಟೆಯದು ಎಂದು ನೆನಪು, ಸಿಕಂದರಾಬಾದಿನದೂ ಆಗಿರಬಹುದು. ಮೇಜಿನ ಅಮೃತಶಿಲೆಗೆ ಅಂಟಿದ್ದ ಚಹಾದ ಜಿಗುಟು ಮಾತ್ರ ಸರಿಯಾಗಿ ನೆನಪಿದೆ.

“ಸರ್, ನೀವು ಆ ಕೊನೆ ಓದಿದ್ರಾ?”

ಅವರು ಬಿಸ್ಕತ್ತು ಅದ್ದಿ, ಮೆತ್ತಗಾಗುವವರೆಗೆ ಕಾದು, ಬಾಯಿಗಿಟ್ಟುಕೊಂಡರು.

“ಎಲ್ಲಾ ಓದಬೇಕೇನ್ರಿ? ಎರಡು ಪಾಲು ನೀವು ಹೇಳಿದ ಮ್ಯಾಲ ಮೂರನೇದು ತಿಳೀಲಿಲ್ಲ ಅಂದ್ರ ನಾ ಯಾತರ ಟೀಮ್ ಲೀಡು?”

“ಒಂದನ್ನೂ ಓದಿಲ್ವಾ?”

“ಅಲ್ರೀ, ಆ ಮುದುಕಿ ಅಷ್ಟ ವರ್ಷ ಕಾದಾಳ. ಮಗ ಬರಬಾರದೇನು? ನಿಮ್ಮ ಜರ್ಮನಿಯಾಂವಗ ಕರುಳಿಲ್ಲ ಅಂತ ನಮಗೂ ಇರಬಾರದೇನು?”

ಮಾತಿನ ರೀತಿ ಹೇಗಿತ್ತೆಂದರೆ, ಒಂದು ಕ್ಷಣ ನಾನೇ ಕರುಳಿಲ್ಲದವನಂತೆ ಕೂತಿದ್ದೆ. ಆಮೇಲೆ ಹೇಳಿದೆ: “ಒಂದೇ ಸಾಲು ಸರ್. ಕೊನೆ ಹೇಳಿದ್ದು ನಾನು ಅಂತ ಒಂದು ಮೇಲ್ ಬರೀರಿ. ನಿಮ್ಮ ಕೆಲಸ ಹೋಗಲ್ಲ. ಅವಳದು ಉಳಿಯುತ್ತೆ.”

“ಬರೀತೀನಿ. ಆಕಿ ನನ್ನ ತಂಗಿ ಇದ್ದಂಗ. ಬರೀದೆ ಬಿಡತೀನೇನು? ಮೊದಲ ಚಾ ಕುಡೀರಿ, ಆರಿಹೋತು.”

ಸೋಮವಾರ ಮೇಲ್ ಇರಲಿಲ್ಲ. ನಾನು ಬರೆದು ಕೊಟ್ಟ ಕಾಗದವನ್ನು ಎಚ್.ಆರ್. ಅಧಿಕಾರಿ ಓದಿ, ಲೀಡ್ ಹೇಳಬೇಕು, ನೀವಲ್ಲ ಎಂದ. ಅವರು ಅಂದು ರಜೆ ಹಾಕಿದ್ದರು. ಸುನಂದಾಳನ್ನು ಬೇಗಂಪೇಟೆ ಸ್ಟೇಷನ್ನಿನಿಂದ ರಾಯಚೂರಿನ ಗಾಡಿಗೆ ಹತ್ತಿಸಿದ್ದು ನಾನೇ. ಕಿಟಕಿಯ ಸರಳು ಹಿಡಿದು, “ಸರ್ ಬರದಾರೇನ್ರಿ?” ಎಂದು ಕೇಳಿದಳು. ಗಾಡಿ ಬಿಡುವವರೆಗೂ ಆ ಒಂದು ಸಾಲು ಬರುತ್ತದೆಂದು ಅವಳಿಗೆ ನಂಬಿಕೆಯಿತ್ತು. ಇಲ್ಲ ಎಂದೆ. ಉಳಿದದ್ದೆಲ್ಲ ಅದಲು ಬದಲಾಗಿರಬಹುದು; ಇದರಲ್ಲಿ ನನಗೆ ಅನುಮಾನವಿಲ್ಲ.

ನಾನೂ ಬೇಗ ಬಿಟ್ಟೆ. ಅವರು ಮೇಲೇರಿದರು. ದೊಡ್ಡ ಹುದ್ದೆ, ದೊಡ್ಡ ಕಾರು. ಆ ವರ್ಷದ ಓದಿನ ಬಗ್ಗೆ ಹೊಸ ಹುಡುಗರಿಗೆ ಉಪನ್ಯಾಸ ಕೊಡುತ್ತಿದ್ದರಂತೆ. ನಾನು ಆಮೇಲೆ ಆ ಕಾದಂಬರಿಯನ್ನು ಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಳ್ಳೆಯ ಪುಸ್ತಕ. ಕೊನೆಯ ಅಧ್ಯಾಯ ಶಾಂತವಾಗಿದೆ, ಕ್ರೂರವಾಗಿದೆ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಮೇಜಿನ ಮೇಲೆ ಚಾಚಿದ ಕೈ. ನಾನು ಓದಿದ್ದನ್ನು ಅವರು ಹೇಳಿದ್ದು ತಿಂದುಹಾಕಿದೆ. ಆ ಮನುಷ್ಯನ ಮೇಲಿನ ಅಸಹ್ಯದಲ್ಲಿ ಒಂದು ಪಾಲು ಇದಕ್ಕೂ ಸಲ್ಲಬೇಕು.

ತೀರಿಕೊಂಡ ಸುದ್ದಿ ಬಂದ ಮೇಲೆ ಮೆಟ್ರೊ ಹಿಡಿದು ಬೇಗಂಪೇಟೆಯ ಅವರ ಮನೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹಳೆಯ ಕಂಪನಿಯ ಒಂದಿಷ್ಟು ಮುಖಗಳು. ಎಚ್.ಆರ್. ಅಧಿಕಾರಿಯೂ ಇದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಫೋಟೋದಲ್ಲಿ ಅವರು ಆ ಜರ್ಮನಿಯ ಕೋಟು ತೊಟ್ಟಿದ್ದರು. ಅವರ ಹೆಂಡತಿ ನನ್ನನ್ನು ನೋಡಿ ಎದ್ದು ಬಂದರು.

“ನೀವ ಏನ್ರಿ ಮೈಸೂರ್ ಪ್ರೊಫೆಸರ್ ಸಾಹೇಬ್ರು? ನಿಮ್ಮನ್ನ ಭಾಳ ನೆನಸ್ತಿದ್ರು. ಆ ರಾಯಚೂರ ಹುಡುಗೀದೂ ಹೇಳತಿದ್ರು. ಆಕಿ ನೌಕರಿ ಹೋಗೋದಿತ್ತಂತ, ತಪ್ಪು ನಂದು ಅಂತ ಇವ್ರ ಬರದು ಕೊಟ್ಟು ಉಳಿಸಿದ್ರಂತ. ನಮ್ಮ ಮಗಳಿಗೆ ಸಣ್ಣಾಕಿದ್ದಾಗಿಂದ ಇದನ್ನ ಹೇಳತಿದ್ರು.”

“ಹೌದು ಮೇಡಂ, ದೊಡ್ಡ ಮನಸ್ಸು,” ಎಂದ ಎಚ್.ಆರ್. ಅಧಿಕಾರಿ. ಸುನಂದಾಳನ್ನು ಕೆಲಸದಿಂದ ತೆಗೆದ ಕಾಗದಕ್ಕೆ ಸಹಿ ಹಾಕಿದವನೇ ಅವನು.

ಬರೆದಿದ್ದರೇ ಹಾಗಾದರೆ? ನಾನೇ ತಪ್ಪು ನೆನಪಿಟ್ಟುಕೊಂಡು ಇಷ್ಟು ವರ್ಷ ಒಬ್ಬರನ್ನು ದ್ವೇಷಿಸಿದೆನೇ? ಆಮೇಲೆ ಸ್ಟೇಷನ್ನಿನ ಕಿಟಕಿ ನೆನಪಾಯಿತು, ಸರಳು ಹಿಡಿದ ಬೆರಳು ನೆನಪಾಯಿತು.

“ಇಲ್ಲಮ್ಮ,” ಎಂದೆ. “ಅವರು ಬರೆಯಲಿಲ್ಲ. ತಪ್ಪು ಅವರದು, ಕೆಲಸ ಹೋಗಿದ್ದು ಅವಳದು.”

ಯಾರೋ ಹಿಂದಿನಿಂದ ನನ್ನ ಅಂಗಿ ಜಗ್ಗಿ, “ಈಗ್ಯಾಕೆ ಸಾರ್ ಇದೆಲ್ಲ” ಎಂದರು. ಆಕೆ ಅಳಲಿಲ್ಲ.

“ಅವರು ಚೊಲೋ ಆತು ಅಂತ ಹೇಳಿದ್ದು ಪೂರಾ ಚೊಲೋ ಆಗಿರಂಗಿಲ್ಲ ಅಂತ ನನಗೂ ಗೊತ್ತಿತ್ರಿ,” ಎಂದರು. ಆಮೇಲೆ, “ಈಗ ಆ ಹುಡುಗಿ ಎಲ್ಲಿದಾಳ?”

“ಶಂಶಾಬಾದಿನಲ್ಲಿ. ಏರ್‌ಪೋರ್ಟಿನಲ್ಲಿ ಕೆಲಸ.”

“ಅದನ್ನರೇ ಇವರು ಹಚ್ಚಿಕೊಟ್ರೇನು?”

ಇಲ್ಲವೆಂದು ತಲೆಯಾಡಿಸಿದೆ. ಆಕೆ ಒಳಗೆ ಹೋದರು.

ಹೊರಗೆ ಬಂದು, ಮೆಟ್ರೊ ಮೆಟ್ಟಿಲ ಕೆಳಗೆ ನಿಂತು ಸುನಂದಾಳಿಗೆ ಫೋನ್ ಮಾಡಿದೆ. ಊರಿಗೆ ಹೋದವಳು, ಮದುವೆಯಾಗಿ, ಎಷ್ಟೋ ವರ್ಷದ ಮೇಲೆ ಗಂಡನ ಜೊತೆ ಮತ್ತೆ ಈ ಊರಿಗೆ ಬಂದಿದ್ದಳು. ಜರ್ಮನ್ ಅಲ್ಲಿಗೇ ನಿಂತಿತ್ತು. ಹಿಂದೆ ವಿಮಾನದ ಪ್ರಕಟಣೆ ಕೇಳುತ್ತಿತ್ತು. ನಡೆದದ್ದನ್ನು ಹೇಳಿದೆ.

“ಸತ್ತವರ ಮನ್ಯಾಗ ನಿಂತು ಹಂಗ ಅಂದ್ರೇನ್ರಿ? ಛೀ!” ಎಂದಳು.

ಪ್ರಕಟಣೆ ಮುಗಿಯಿತು.

“ಆ ಎಚ್ಚಾರ್‌ದಾಂವ ಇದ್ದನೇನ್ರಿ ಅಲ್ಲಿ?”

“ಇದ್ದ.”

“ಅವಂಗ ಕೇಳಿಸ್ತಾ?”

“ಕೇಳಿಸ್ತು.”

“ಏನಂದ್ರಿ ನೀವು? ಸರಿಯಾಗಿ ಏನಂದ್ರಿ?”

“ತಪ್ಪು ಅವರದು, ಕೆಲಸ ಹೋಗಿದ್ದು ಅವಳದು ಅಂದೆ.”

ಆ ಕಡೆ ಇನ್ನೊಂದು ವಿಮಾನದ ಪ್ರಕಟಣೆ ಶುರುವಾಯಿತು.

“ಇನ್ನೊಮ್ಮೆ ಅನ್ರಿ,” ಎಂದಳು.

ಏನನ್ನೂ ಸೇರಿಸದೆ, ಇನ್ನೊಮ್ಮೆ ಅಂದೆ.